ಮೋಡದ ಮೇಲೆ ಚಿಕ್ಕಪ್ಪನ ಮುಖ

“ದೇವರು ಚಲೋ ಮಂದೀನ ಜಲ್ದಿ ಕರ್ಕೊಂತಾನ್ರೀ,” ಎಂದ ಸಂಡೂರು ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯವ, ನಮ್ಮ ಚಿಕ್ಕಪ್ಪನ ಫ್ಲೆಕ್ಸ್‌ಗೆ ಕೈ ಮುಗಿಯುತ್ತ.

ಚಿಕ್ಕಪ್ಪ ತೀರಿಕೊಂಡಿರಲಿಲ್ಲ. ಕಾಣೆಯಾಗಿದ್ದರು!

ಹಿಂದಿನ ದಿನ ಬೆಳಿಗ್ಗೆ ಹೊಸಪೇಟೆಯ ಮನೆಯಿಂದ ಹೊರಟವರು ತಿರುಗಿ ಬಂದಿರಲಿಲ್ಲ. ಈಚೆಗೆ ಮರೆವು ಜಾಸ್ತಿ. ಒಂದು ಕಾಲಕ್ಕೆ ಸಂಡೂರಿನಲ್ಲಿ ಗಣಿ ಲಾರಿ ಓಡಿಸಿದವರು, ಆ ಕಡೆಯ ಬಸ್ ಹತ್ತಿರಬಹುದೆಂಬ ಗುಮಾನಿ. ಪೊಲೀಸರಿಗೆ ತಿಳಿಸಿ ನೇರ ಓಡಿದ್ದು ಬಸುವಿನ ಫ್ಲೆಕ್ಸ್ ಅಂಗಡಿಗೆ. (ನಮ್ಮೂರಲ್ಲಿ ಹುಟ್ಟಿದರೂ ಫ್ಲೆಕ್ಸ್, ಗೆದ್ದರೂ ಫ್ಲೆಕ್ಸ್.)

ಬಸುವಿನ ಕಂಪ್ಯೂಟರಿನಲ್ಲಿ ಎಲ್ಲ ರೆಡಿ: ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ. ಫೋಟೋ ಬದಲಿಸಿದರೆ ಆಯಿತು. ಅವಸರದಲ್ಲಿ ಶ್ರದ್ಧಾಂಜಲಿಯದನ್ನೇ ತೆಗೆದ. ದೀಪ ಅಳಿಸಿದ. ನೀಲಿ ಆಕಾಶ, ಬಿಳಿ ಮೋಡ, ಹೂವಿನ ಬಾರ್ಡರ್ ಹಾಗೇ ಉಳಿದವು. ಚಿಕ್ಕಮ್ಮ ಕೊಟ್ಟ ಫೋಟೋ ಮಗಳ ಮದುವೆಯದು. ಪೇಟ, ತಿದ್ದಿದ ಮೀಸೆ, ನಗು.

“ಕೆಳಗ ಜಾಗ ಉಳದೈತಿ. ಬೀಗರ ಹೆಸರು ಹಾಕಪ್ಪ, ಬೇಜಾರು ಮಾಡ್ಕೊಂತಾರ,” ಎಂದರು ಚಿಕ್ಕಮ್ಮ. ಹಾಕಿದ. ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಖಾಲಿ ಜಾಗ ಕಂಡರೆ ಸಮಾಧಾನವಿದೆಯೇ? ನಾನೋ, ಹಳೇ ಲಾರಿ ಸಾಮಾನು ಮಾರಿ ಮೇಲೆ ಬಂದವನು. ಅದೇ ರೇಟಿಗೆ ಇಷ್ಟೆಲ್ಲ ಬಂತಲ್ಲ ಎಂದುಕೊಂಡೆ.

‘ಕಾಣೆಯಾಗಿದ್ದಾರೆ’ ಎಂದು ಬರೆದಿರಲಿಲ್ಲವೇ? ಬರೆದಿತ್ತು. ಬಿಳಿ ಮೋಡದ ಮೇಲೆ, ಹಳದಿ ಅಕ್ಷರದಲ್ಲಿ!

ಸಂಜೆಯೇ ಸಂಡೂರಿನಲ್ಲಿ ಕಟ್ಟಿಸಿದೆವು. ಮರುದಿನ ವಿಚಾರಿಸಲು ಹೋದಾಗಲೇ ಈ ಕೈ ಮುಗಿಯುವ ಪ್ರಸಂಗ. ವಿಷಯ ಹೇಳಿದೆ. ಚಹಾ ಅಂಗಡಿಯವ ಲೋಟ ಕೆಳಗಿಟ್ಟ.

“ಅಯ್ಯ ಶಿವನ! ಮುಂಜಾನಿ ಹಿಂಗ ಇರೋ ಯಜಮಾನ್ರು ಇಲ್ಲೇ ಕುಂತಿದ್ರಲ್ರೀ. ಗಡ್ಡ ಬಿಟ್ಟಿದ್ರು. ಫೋಟೋದಾಗಿನೋರು ತೀರ್ಕೊಂಡಾರಲ್ಲ, ಇವ್ರು ಬ್ಯಾರೇ ಅಂತ ಸುಮ್ನಾದೆ.”

“ಯಾ ಕಡಿ ಹೋದ್ರು?”

“ಅದನ್ನ ಯಾರು ನೋಡ್ಯಾರ್ರೀ?”

ಅಲ್ಲಿಂದಲೇ ಬಸುವಿಗೆ ಫೋನ್ ಹಚ್ಚಿದೆ. “ಮೋಡ ತೆಗಿ. ಹೂವು ತೆಗಿ.”

“ಎಲ್ಲಾ ತಗದ್ರ ಏನುಳಿತೈತಣ್ಣ? ಬೋಳು ಕಾಣ್ತೈತಿ.”

“ಚಿಕ್ಕಪ್ಪ ಉಳಿತಾರಲೇ!”

“ಬೀಗರ ಹೆಸರು?”

“ಬೀಗರು ಅವರ ಮನ್ಯಾಗ ಅದಾರ!”

ಡಿಸೈನ್ ಕಲಿಯಲು ಹೊರಟ ಮಕ್ಕಳೇ, ಕೋರ್ಸಿಗೆ ಫೀ ಕಟ್ಟುವ ಮುಂಚೆ ಇಷ್ಟು ಕೇಳಿ. ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವನಿಗೆ ಮೊದಲು ಏನು ಕಾಣಬೇಕು? ಒಂದನ್ನೇ ದೊಡ್ಡದು ಮಾಡಿ. ಎಲ್ಲವೂ ದೊಡ್ಡದಾದರೆ ಯಾವುದೂ ದೊಡ್ಡದಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ ಇಡಲು ನಾಚಿಕೆ ಯಾಕೆ? ಖಾಲಿ ಜಾಗ ದಂಡವಲ್ಲ. ಮುಖದ ಮುಂದೆ ನಿಂತ ಗುಂಪನ್ನು ಪಕ್ಕಕ್ಕೆ ಸರಿಸಿದಂತೆ. ಇನ್ನು ಆ ರೆಡಿ ಟೆಂಪ್ಲೇಟು? ನಿಮ್ಮ ಅಕ್ಷರ ಓದುವ ಮೊದಲೇ ಅದರ ಬಣ್ಣ, ಬಾರ್ಡರ್ ಮಾತಾಡಿ ಮುಗಿಸಿರುತ್ತವೆ.

ತಂಗಿಯ, ಅಂದರೆ ಚಿಕ್ಕಪ್ಪನ ಮಗಳ, ಮೊಬೈಲಿನಲ್ಲಿ ಹೋದ ವಾರದ ಫೋಟೋ ಇತ್ತು. ಕುರುಚಲು ಗಡ್ಡ, ಮನೆಯಿಂದ ಹೊರಟಾಗ ಹಾಕಿದ್ದ ಅದೇ ನೀಲಿ ಅಂಗಿ. ದೊಡ್ಡ ಮುಖ, ‘ಇವರನ್ನು ಕಂಡಿರಾ?’, ಒಂದು ಫೋನ್ ನಂಬರ್. ಸುತ್ತ ಬಿಳುಪು. ಪ್ರಿಂಟಿಗೆ ಕಾಯದೆ ಎಲ್ಲರ ಮೊಬೈಲಿಗೂ ಕಳಿಸಿದೆವು.

ಸಂಜೆ ಕಂಪ್ಲಿಯಿಂದ ಹಣ್ಣಿನ ಅಂಗಡಿಯಾಕೆಯ ಫೋನ್: “ನೀಲಿ ಅಂಗಿ ಯಜಮಾನ್ರು ನಮ್ಮ ಅಂಗಡಿ ಕಟ್ಟಿ ಮ್ಯಾಲ ಕುಂತಾರ. ಬಾಳೆಹಣ್ಣು ಕೊಟ್ಟೀನಿ. ಜಲ್ದಿ ಬರ್ರಿ.”

ಚಿಕ್ಕಪ್ಪ ಮನೆಯಲ್ಲಿದ್ದಾರೆ. ಗೇಟಿಗೆ ಬೀಗ ಬಂದಿದೆ. ಚಿಕ್ಕಮ್ಮ ದಿನಾ ಬೆಳಿಗ್ಗೆ, ಅಂದು ಹಾಕಿದ ಅಂಗಿಯ ಸಮೇತ ಅವರದೊಂದು ಫೋಟೋ ತೆಗೆದು ನನಗೆ ಕಳಿಸುತ್ತಾರೆ.

ಬಸುವಿನ ಕಂಪ್ಯೂಟರಿನಲ್ಲಿ ಆ ಬಿಳಿ ಡಿಸೈನ್ ಇನ್ನೂ ಇದೆ. ಡಿಲೀಟ್ ಮಾಡು ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ?