ಇಲ್ಲದ ಕಾರ್ಡಿನ ಬಿಸಿ

ಹೊಸ ಕಂಪ್ಯೂಟರಿನ ಡಬ್ಬ ಬಿಚ್ಚಿದಾಗ ಬರುವ ವಾಸನೆಯನ್ನು ನೀವು ಗಮನಿಸಿರಬಹುದು. ಥರ್ಮಕೋಲು, ಪ್ಲಾಸ್ಟಿಕ್ಕು, ಜೊತೆಗೆ ಎಲ್ಲೋ ಸ್ವಲ್ಪ ಹಸಿ ಬಣ್ಣ. ಹೋದ ತಿಂಗಳು ಮಗಳಿಗೆಂದು ಗೇಮ್ ಆಡುವ ಕಂಪ್ಯೂಟರ್ ಕೂಡಿಸಿ ತಂದೆವು. ಅಂಗಡಿಯವರೇ ಮನೆಗೆ ಬಂದು ವೈರುಗಳನ್ನು ಸಿಕ್ಕಿಸಿಕೊಟ್ಟರು. ಹೊರಡುವ ಮೊದಲು ಪೆಟ್ಟಿಗೆಯ ಬೆನ್ನನ್ನು ನನ್ನ ಕಡೆ ತಿರುಗಿಸಿದರು.

"ಸಾರ್, ನೋಡ್ಕೊಳಿ. ಮಾನಿಟರ್ ವೈರು ಈ ಮೇಲಿನದಕ್ಕೆ ಹಾಕ್ಬೇಡಿ, ಅದು ಮದರ್ ಬೋರ್ಡಿಂದು. ಕೆಳಗಡೆ ಇದೆಯಲ್ಲ, ಇದು ಗ್ರಾಫಿಕ್ಸ್ ಕಾರ್ಡಿಂದು. ಇದಕ್ಕೇ ಹಾಕ್ಬೇಕು. ಎಷ್ಟೋ ಜನ ಮೇಲಿನದಕ್ಕೆ ಸಿಕ್ಕಿಸ್ಬುಟ್ಟು ಗೇಮ್ ಓಡ್ತಿಲ್ಲ ಅಂತ ಫೋನ್ ಮಾಡ್ತಾರೆ."

"ಕಾರ್ಡೇ ಇಲ್ದಿದ್ರೆ?" ಎಂದೆ, ಸುಮ್ಮನೆ ಮಾತಿಗೆ.

"ಇಲ್ದಿದ್ರೆ ಈ ಜಾಗದಲ್ಲಿ ಬರೀ ತಗಡಿನ ಪಟ್ಟಿ ಇರುತ್ತೆ ಸಾರ್. ಹಿಂದ್ಗಡೆ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ."

ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಇಪ್ಪತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ, ನಮ್ಮ ಹಳೆಯ ಮನೆಯ ಮೇಜಿನ ಹಿಂದೆ ಮಂಡಿಯೂರಿ ಕುಳಿತಿದ್ದ ನನ್ನ ತಂಗಿಯ ಬೆನ್ನು ಕಣ್ಣಿಗೆ ಕಟ್ಟಿತು. ಮಗಳು, "ಯಾಕಪ್ಪಾ, ಬೆವರ್ತಿದ್ದೀಯ?" ಎಂದಳು. ಸೆಖೆ ಎಂದೆ. ಡಿಸೆಂಬರಿನಲ್ಲಿ.

ನಾನು ಎಂಥವನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿದ್ಯಾರಣ್ಯಪುರಂನಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಅಪ್ಪ ಹೋದಾಗ ನನಗೆ ಹದಿನೆಂಟು. ಪಿಯುಸಿಯನ್ನು ಅಲ್ಲಿಗೇ ಬಿಟ್ಟು, ಸೈಕಲ್ಲಿಗೆ ಟ್ಯೂಬ್‌ಲೈಟು ಕಟ್ಟಿಕೊಂಡು ಬೀದಿ ಬೀದಿ ತಿರುಗಿದವನು. ಒಡೆಯುವ ಮಾಲನ್ನು ಸೈಕಲ್ಲಿನ ಮೇಲೆ ಮಾರಿದವನಿಗೆ ಗಾಡಿಯನ್ನು ನಿಧಾನವಾಗಿ, ಮಾತನ್ನು ಜೋರಾಗಿ ಓಡಿಸುವ ವಿದ್ಯೆ ತಾನಾಗಿ ಬರುತ್ತದೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿರಲಿಲ್ಲ. ಮಂಚ ಕೊಳ್ಳುವವರು, ಮದುವೆಗೆ ಶಾಮಿಯಾನ ಗೊತ್ತುಮಾಡುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ನಾನೂ ಅಂಗಡಿಗೆ ಬೀಗ ಹಾಕಿ ಹೋಗುತ್ತಿದ್ದೆ. ನೀವು ಕೇಳದಿದ್ದರೂ ಹೇಳುತ್ತೇನೆ: ಬೇಕಾದ ವಸ್ತುವಿನ ಬೆಲೆಯನ್ನು ಮೊದಲು ಕೇಳಬೇಡಿ. ಬೇಡದ್ದರ ಬೆಲೆ ಕೇಳಿ ಮುಖ ಸಿಂಡರಿಸಿ. ಆಮೇಲೆ ಎದ್ದು ಅಂಗಡಿಯ ಎರಡು ಮೆಟ್ಟಿಲು ಇಳಿಯಿರಿ. ಮೂರನೆಯದನ್ನು ಮಾತ್ರ ಇಳಿಯಬೇಡಿ; ಇಳಿದ ಮೇಲೆ ಅವರು ಕರೆಯದಿದ್ದರೆ ತಿರುಗಿ ಹತ್ತುವುದಕ್ಕೆ ನಿಮಗೆ ಮುಖವಿರುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ತಂಗಿ ಶೋಭಾ ಬಿ.ಎಸ್ಸಿ. ಓದುತ್ತಿದ್ದಳು. ಯಾದವಗಿರಿಯಲ್ಲಿ ಅವಳ ಸ್ನೇಹಿತೆಯೊಬ್ಬಳ ದೊಡ್ಡ ಮನೆ, ಅಲ್ಲೊಂದು ಕಂಪ್ಯೂಟರ್. ಭಾನುವಾರ ಭಾನುವಾರ ಹೋಗುತ್ತಿದ್ದಳು. ನೋಟ್ಸ್ ಬರೆಯಲು ಹೋಗುತ್ತಾಳೆಂದು ಅಮ್ಮ ತಿಳಿದಿದ್ದಳು. ಹೋಗುತ್ತಿದ್ದದ್ದು ಗೇಮ್ ಆಡಲು. ಕಾಡಿನಲ್ಲಿ ದಾರಿ ಹುಡುಕಿಕೊಂಡು ಹೋಗುವ ಯಾವುದೋ ಆಟ.

"ಅದ್ರಲ್ಲಿ ಒಂದು ಕೆರೆ ಬರುತ್ತೆ ಕಣಣ್ಣ. ನೀರಲ್ಲಿ ಮರದ ನೆರಳು ಕಾಣುತ್ತೆ. ನಾವು ನಡೆದ್ರೆ ನೆರಳು ಅಲ್ಲಾಡುತ್ತೆ."

"ಕುಕ್ಕರಹಳ್ಳಿ ಕೆರೆಗೆ ಹೋದ್ರೆ ಬಿಟ್ಟಿ ಕಾಣುತ್ತಲ್ಲೇ."

"ಅಲ್ಲಿಗೆ ನನ್ನೊಬ್ಬಳನ್ನೇ ಬಿಡ್ತೀಯಾ?" ಎಂದಳು.

ನೆರೆಯ ಮಕ್ಕಳಿಗೆ ಎರಡು ವರ್ಷ ಲೆಕ್ಕದ ಟ್ಯೂಷನ್ ಹೇಳಿ ದುಡ್ಡು ಕೂಡಿಟ್ಟಳು. ಅರ್ಧ ಅವಳದು, ಅರ್ಧ ನನ್ನದು ಎಂದು ಮಾತಾಯಿತು. ಸ್ನೇಹಿತೆಯ ಮನೆಗೆ ಬರುತ್ತಿದ್ದ ಕಂಪ್ಯೂಟರ್ ಪತ್ರಿಕೆಗಳನ್ನೆಲ್ಲ ಓದಿ ಲಾಂಗ್ ಬುಕ್ಕಿನ ಹಾಳೆಯಲ್ಲಿ ಪಟ್ಟಿ ಮಾಡಿದ್ದಳು. ದುಂಡು ಅಕ್ಷರ. ಒಂದೊಂದು ಭಾಗದ ಮುಂದೆಯೂ ಅದೇ ಯಾಕೆ ಎಂಬುದಕ್ಕೆ ಸಣ್ಣ ಟಿಪ್ಪಣಿ. ಮಾನಿಟರ್ ಚಿಕ್ಕದು ಸಾಕು. ಕ್ಯಾಬಿನೆಟ್ ಎಲ್ಲಕ್ಕಿಂತ ಅಗ್ಗದ್ದು. ಸ್ಪೀಕರ್ ಬೇಡ, ಮನೆಯ ಟೇಪ್ ರೆಕಾರ್ಡರಿಗೇ ವೈರು ಕೊಡಬಹುದು. ಹೀಗೆ ಎಲ್ಲ ಕಡೆ ಹಿಡಿದು ಹಿಡಿದು ಉಳಿಸಿದ್ದನ್ನು ಒಂದೇ ಒಂದು ಕಡೆ ಸುರಿದಿದ್ದಳು. ಗ್ರಾಫಿಕ್ಸ್ ಕಾರ್ಡು. ಪರದೆಯ ಮೇಲೆ ಚಿತ್ರ ಬಿಡಿಸುವ ಕೆಲಸ ಅದರದಂತೆ. ಅದಿಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ, ಆಟ ಮಾತ್ರ ಕುಂಟುತ್ತದೆ. ಅದರ ಮುಂದೆ ನಕ್ಷತ್ರ ಹಾಕಿ, "ಇದನ್ನು ಮಾತ್ರ ಬಿಡಬೇಡ" ಎಂದು ಬರೆದಿದ್ದಳು.

"ಮೂವತ್ತೊಂದೂವರೆ ಸಾವಿರ ಆಗುತ್ತೆ ಅಣ್ಣ. ವಿಚಾರಿಸಿದೀನಿ."

"ನೀನು ವಿಚಾರ್ಸೋದಕ್ಕೂ ನಾನು ವಿಚಾರ್ಸೋದಕ್ಕೂ ವ್ಯತ್ಯಾಸ ಇಲ್ವೇನೆ? ಇಪ್ಪತ್ತೆಂಟಕ್ಕೆ ತರ್ತೀನಿ, ನೋಡ್ತಿರು."

ಇಷ್ಟನ್ನು ಅವಳೊಬ್ಬಳಿಗೆ ಹೇಳಿದ್ದರೆ ಚಿಂತೆಯಿರಲಿಲ್ಲ. ಎದುರು ಮನೆಯ ಶಾರದಮ್ಮನವರು ಬಾಗಿಲಲ್ಲಿ ನಿಂತಿದ್ದರು. ಸಂಜೆಯೊಳಗೆ ಅಮ್ಮ ಇಪ್ಪತ್ತೆಂಟನ್ನು ಬೀದಿಯ ತುದಿಯವರೆಗೂ ಮುಟ್ಟಿಸಿದ್ದಳು.

ಅಂಗಡಿ ಅರಸು ರಸ್ತೆಯ ಹಿಂದಿನ ಓಣಿಯಲ್ಲಿ, ಮೊದಲ ಮಹಡಿಯ ಮೇಲೆ. ನನ್ನ ವಿದ್ಯೆಯನ್ನೆಲ್ಲ ಅಲ್ಲಿ ಹರಡಿದೆ. ಬೇಡವಾದ ಪ್ರಿಂಟರಿನ ಬೆಲೆ ಕೇಳಿದೆ, ಮುಖ ಸಿಂಡರಿಸಿದೆ, ಬೆಂಗಳೂರಿನ ಮಾತೆತ್ತಿದೆ. ಅಂಗಡಿಯವರು ಸಾಧುವಾದ ಮನುಷ್ಯರು. ಪಟ್ಟಿ ನೋಡಿ ನಕ್ಕರು.

"ಇದು ಶೋಭಾ ಮೇಡಮ್ಮೋರ ಪಟ್ಟಿ ಅಲ್ವಾ ಸಾರ್? ಎರಡು ಸಲ ಬಂದು ಮಾತಾಡಿ, ಇಳಿಸೋದೆಲ್ಲ ಇಳಿಸ್ಬುಟ್ಟು ಹೋಗವ್ರೆ. ಇನ್ನು ಇದ್ರಲ್ಲಿ ನಂಗೇನೂ ಉಳಿದಿಲ್ಲ."

ನಾನು ಎದ್ದು ಎರಡು ಮೆಟ್ಟಿಲು ಇಳಿದೆ. ಕರೆಯಲಿಲ್ಲ. ಮೂರನೆಯದನ್ನೂ ಇಳಿದೆ. ಆಗಲೂ ಕರೆಯಲಿಲ್ಲ. ಬೀದಿಗೇ ಬಂದು, ಎಳನೀರು ಕುಡಿದು, ಮತ್ತೆ ಹತ್ತಿದೆ. ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ತಂಗಿಯಲ್ಲ, ಅವಳ ಆಟವಲ್ಲ. ಇಪ್ಪತ್ತೆಂಟು.

"ಈ ಕಾರ್ಡ್ ತೆಗೆದ್ರೆ ಎಷ್ಟಕ್ಕೆ ಬರುತ್ತೆ?"

"ಇಪ್ಪತ್ತೆಂಟಕ್ಕೆ ಬರುತ್ತೆ. ಆದ್ರೆ ಗೇಮ್ ಆಡೋರಿಗೆ ಅದೇ ಜೀವ ಸಾರ್. ಒಂದು ಮಾತು ಅವ್ರನ್ನ ಕೇಳ್ಬುಡಿ. ಇಲ್ಲೇ ಫೋನ್ ಇದೆ."

"ಒಳಗಿರೋದು ತಾನೆ? ಯಾರಿಗೆ ಕಾಣುತ್ತೆ?" ಎಂದೆ.

ಅವರು ಕಾರ್ಡು ಬಿಟ್ಟು ಉಳಿದದ್ದನ್ನು ಜೋಡಿಸತೊಡಗಿದರು. ನಾನು ಮಾತ್ರ ಬಿಡದೆ ಮೌಸಿನ ಕೆಳಗೆ ಹಾಸುವ ಹಾಳೆಯನ್ನೂ ಧೂಳಿನ ಹೊದಿಕೆಯನ್ನೂ ಪುಕ್ಕಟೆ ಹಾಕಿಸಿಕೊಂಡೆ. ಪೆಟ್ಟಿಗೆಯ ಪಕ್ಕಕ್ಕೆ ಅವರು ಒಂದು ಚೀಟಿ ಅಂಟಿಸಿದರು. ಅದು ಹರಿದರೆ ವಾರಂಟಿ ಇಲ್ಲ. ನನಗೆ ಆ ಚೀಟಿಯೇ ಧೈರ್ಯ. ಅದು ಇರುವವರೆಗೆ ಯಾರೂ ಪೆಟ್ಟಿಗೆ ಬಿಚ್ಚುವುದಿಲ್ಲವಲ್ಲ.

ಮನೆಯಲ್ಲಿ ಅಮ್ಮ ಮಾನಿಟರಿಗೆ ಕುಂಕುಮ ಇಟ್ಟು ಊದುಬತ್ತಿ ಬೆಳಗಿದಳು. ಶಾರದಮ್ಮನವರೂ ಬಂದಿದ್ದರು. ಅವರೆಲ್ಲರ ಎದುರಿಗೆ ನಾನು ಜೇಬಿನಿಂದ ಮೂರೂವರೆ ಸಾವಿರ ತೆಗೆದು ಶೋಭಾಳ ಕೈಯಲ್ಲಿಟ್ಟೆ. "ತಗೋ, ನಿನಗೆ ಉಳಿಸಿದ್ದು." ಒಂದು ರೂಪಾಯಿ ಮುಟ್ಟಿರಲಿಲ್ಲ. ಬಹಳ ವರ್ಷ ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು, ಒಂದು ರೂಪಾಯಿ ಮುಟ್ಟಲಿಲ್ಲ ಎಂಬುದು.

ಅವಳಿಗೆ ನಂಬಲು ಆಗಲಿಲ್ಲ. "ಕಾರ್ಡ್ ಹಾಕ್ಸಿದ್ಯಾ ಅಣ್ಣ?"

"ಹಾಕ್ಸದೆ? ಒಳಗೇ ಇದೆ."

ಅವಳ ಮುಖ ಅರಳಿತಲ್ಲ, ಅದನ್ನು ನಾನು ವರ್ಣಿಸಲಾರೆ. ವೈರುಗಳನ್ನು ತಾನೇ ಸಿಕ್ಕಿಸುತ್ತೇನೆಂದು ಮೇಜಿನ ಹಿಂದೆ ಮಂಡಿಯೂರಿ ಕುಳಿತಳು. ಕೀಬೋರ್ಡಿನದು ಹಾಕಿದಳು, ಮೌಸಿನದು ಹಾಕಿದಳು. ಮಾನಿಟರಿನ ನೀಲಿ ತುದಿಯ ವೈರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೇ ಕುಳಿತಿದ್ದಳು. ತೂತು ಸಿಗುತ್ತಿಲ್ಲವೆಂದುಕೊಂಡು ನಾನು, "ಟಾರ್ಚ್ ಬೇಕೇನೆ?" ಎಂದೆ.

"ಬೇಡ. ಕಾಣ್ತಿದೆ," ಎಂದಳು.

ಎದ್ದು ಬಂದಾಗ ಲಂಗಕ್ಕೆ ಅಂಟಿದ್ದ ಧೂಳನ್ನು ಕೊಡವಿಕೊಂಡಳು. "ಚೆನ್ನಾಗಿದೆ ಕಣಣ್ಣ," ಎಂದಳು. ಮೂರೂವರೆ ಸಾವಿರವನ್ನು ಅಮ್ಮನ ಕೈಗೆ ಕೊಟ್ಟಳು.

ಅವಳು ಆ ದುಡ್ಡಿನಲ್ಲಿ ಮಾರನೆಯ ದಿನವೇ ಹೋಗಿ ಕಾರ್ಡು ತರಬಹುದಿತ್ತು. ಇದೆ ಎಂದ ವಸ್ತುವನ್ನು ಇನ್ನೊಮ್ಮೆ ಯಾಕೆ ತಂದೆ ಎಂದು ಅಮ್ಮ ಕೇಳಿದರೆ ಏನು ಹೇಳುತ್ತಿದ್ದಳು? ಅಮ್ಮ ಅದರಲ್ಲಿ ಮಿಕ್ಸಿ ಕೊಂಡಳು. "ಮಗ ಉಳಿಸಿದ ದುಡ್ಡಿಂದು" ಎಂದು ಬಂದವರಿಗೆಲ್ಲ ತೋರಿಸಿದಳು. ಬೆಳಿಗ್ಗೆ ಚಟ್ನಿ ರುಬ್ಬುವಾಗ ಅದು ಅರಚಿಕೊಳ್ಳುತ್ತಿದ್ದರೆ ನಾನು ಬೇಗ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟುಬಿಡುತ್ತಿದ್ದೆ.

ಆಟ ಹೇಗಿತ್ತೆಂದು ಕೇಳುತ್ತೀರೇನೋ. ಒಂದು ಸಂಜೆ ಅವಳ ಹಿಂದೆ ನಿಂತು ನೋಡಿದೆ. ಕಾಡಿನ ಮನುಷ್ಯ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿದ್ದ, ಯೋಚನೆ ಮಾಡಿ ಇನ್ನೊಂದು ಹೆಜ್ಜೆ ಇಡುತ್ತಿದ್ದ. ಕೆರೆ ಬಂತು. ನೀಲಿ ಬಣ್ಣ ಬಳಿದ ಹಲಗೆಯ ಹಾಗಿತ್ತು. ಮರವಿತ್ತು, ನೆರಳಿರಲಿಲ್ಲ. ಸುಮ್ಮನೆ ಹೋಗಬಹುದಿತ್ತು. ಸಲಹೆ ಕೊಡದೆ ಇರುವುದು ನನ್ನ ಜಾತಕದಲ್ಲೇ ಇಲ್ಲ.

"ಕಾರ್ಡು ಬಿಸಿಯಾಗಿರ್ಬೇಕು ಕಣೆ. ಅರ್ಧ ಗಂಟೆ ಆರಿಸು, ತಣ್ಣಗಾಗಲಿ," ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಟೇಬಲ್ ಫ್ಯಾನು ತಂದು ಪೆಟ್ಟಿಗೆಯ ಕಡೆ ತಿರುಗಿಸಿ ಇಟ್ಟೆ.

ಅವಳು ತಿರುಗಿ ನನ್ನನ್ನೊಮ್ಮೆ ನೋಡಿದಳು. ಕಂಪ್ಯೂಟರ್ ಆರಿಸಿದಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಪ್ಪಾದ ಪರದೆಯ ಮುಂದೆ, ಫ್ಯಾನಿನ ಸದ್ದಿನಲ್ಲಿ ಕುಳಿತೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಈಗ ತಣ್ಣಗಾಗಿರ್ಬೋದಾ ಅಣ್ಣ?"

"ಇನ್ನೊಂದೈದು ನಿಮಿಷ," ಎಂದೆ ನಾನು.

ಇಪ್ಪತ್ತು ವರ್ಷ ಅದನ್ನು ನಾನು ಪೆದ್ದು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಎಂದೇ ತಿಳಿದಿದ್ದೆ. ಒಳಗೊಳಗೆ ಅಳುಕಿದ್ದರೂ, ಪಾಪ, ಅವಳಿಗೆ ಗೊತ್ತಿಲ್ಲವಲ್ಲ ಎಂದು ಮರುಕಪಟ್ಟಿದ್ದೂ ಉಂಟು. ಹೋದ ತಿಂಗಳು ಪೆಟ್ಟಿಗೆಯ ಬೆನ್ನು ನೋಡಿದ ಮೇಲೆ ಆ ಪ್ರಶ್ನೆ ಬೇರೆ ದನಿಯಲ್ಲಿ ಕೇಳಿಸಿತು. ಆ ಕೋಣೆಯಲ್ಲಿ ಏನೂ ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ಶೋಭಾ ಈಗ ಹೆಬ್ಬಾಳದ ಕಡೆ ಇದ್ದಾಳೆ, ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ಭಾನುವಾರ ಅವಳ ಮನೆಗೆ ಹೋದೆ. ನೆನೆಸಿದ ಅವರೆಕಾಳನ್ನು ಹಿದುಕುತ್ತಾ ಕುಳಿತಿದ್ದಳು. ನಾನೂ ಎದುರಿಗೆ ಕುಳಿತು ಹಿದುಕತೊಡಗಿದೆ. ಚೌಕಾಸಿಗೆ ಬಗೆಬಗೆಯ ಪೀಠಿಕೆ ಬಲ್ಲ ನನಗೆ ಇದಕ್ಕೊಂದೂ ಹೊಳೆಯಲಿಲ್ಲ.

"ಶೋಭಾ, ಆ ಕಂಪ್ಯೂಟರಿಗೆ ಕಾರ್ಡು ಹಾಕ್ಸಿರ್ಲಿಲ್ಲ ಕಣೆ."

"ಗೊತ್ತು." ಕಾಳು ಸಿಪ್ಪೆಯಿಂದ ಜಾರಿ ಪಾತ್ರೆಗೆ ಬಿತ್ತು.

"ಅವತ್ತೇ ಗೊತ್ತಾಯ್ತಾ?"

"ವೈರು ಹಾಕೋವಾಗ."

"ಮತ್ತೆ ಯಾಕೆ ಕೇಳ್ಲಿಲ್ಲ?"

ಅವಳ ಬೆರಳುಗಳು ನಿಂತವು. "ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ದೆ ನೀನು. ಅದನ್ನ ಕೇಳಿಸ್ಕೊಳೋಕೆ ನಂಗೆ ಇಷ್ಟ ಇರ್ಲಿಲ್ಲ."

ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ. ಅವಳೇ ಮುಂದುವರಿದಳು. "ಮಗಳಿಗೆ ಕೂಡ್ಸಿದ್ಯಂತಲ್ಲ. ಕಾರ್ಡ್ ಹಾಕ್ಸಿದ್ಯಾ?"

"ಹಾಕ್ಸಿದೀನಿ."

"ಬಂದು ನೋಡ್ತೀನಿ."

ಮುಂದಿನ ಭಾನುವಾರ ಬಂದಳು. ಮಗಳು ಓಡಿಹೋಗಿ ಆಟ ಹಾಕಿ, ಅತ್ತೆಗೆ ಕುರ್ಚಿ ಎಳೆದುಕೊಟ್ಟಳು. ಶೋಭಾ ಪರದೆಯ ಕಡೆ ನೋಡಲಿಲ್ಲ. ನೇರವಾಗಿ ಮೇಜಿನ ಹಿಂದೆ ಹೋಗಿ, ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹಾಕಿಸಿದ್ದೇನೆಂದು ಗೊತ್ತಿದ್ದರೂ ಕತ್ತು ಚಾಚಿ ನೋಡಿದೆ.

"ಇದೆ," ಎಂದು ಎದ್ದಳು.

ಆಮೇಲೆ ಕುಳಿತು ಆಡಿದಳು. ಈ ಆಟದಲ್ಲೂ ಒಂದು ಹೊಳೆ ಬಂತು. ದಡದ ಮರಗಳು ತಲೆಕೆಳಗಾಗಿ ನೀರಿನಲ್ಲಿ ನಿಂತಿದ್ದವು. ಅವಳು ನಡೆದರೆ ಅಲುಗುತ್ತಿದ್ದವು. ದಾರಿ ಮುಂದಕ್ಕಿದ್ದರೂ ಅವಳು ಹೊಳೆಯ ಪಕ್ಕದಲ್ಲೇ ಹಿಂದಕ್ಕೂ ಮುಂದಕ್ಕೂ ನಡೆದಳು. ಕಣ್ಣು ಪರದೆಯಿಂದ ಕೀಳದೆಯೇ ಹೇಳಿದಳು: "ಅಣ್ಣ, ಕಾರ್ಡು ಬಿಸಿಯಾಗಿರ್ಬೇಕು. ಸ್ವಲ್ಪ ಹೊತ್ತು ಆರಿಸೋಣ್ವಾ?"

"ಅಯ್ಯೋ ಅತ್ತೆ, ಅದಕ್ಕೇ ಅಂತ ಒಳಗೇ ಫ್ಯಾನಿದೆ," ಎಂದು ಮಗಳು ನಕ್ಕಳು. ಶೋಭಾಳೂ ನಕ್ಕಳು. ಇಪ್ಪತ್ತೆಂಟಕ್ಕೆ ಕಂಪ್ಯೂಟರ್ ತಂದ ಅಪ್ಪನ ಕಥೆ ಮಗಳಿಗೆ ಬಾಯಿಪಾಠ; ಅಮ್ಮ ಸಾಯುವವರೆಗೂ ಮೊಮ್ಮಗಳಿಗೆ ಹೇಳುತ್ತಿದ್ದ ಕಥೆ ಅದು. ನಾನು ಒಳಗೆ ಬಂದು ಅವರಿಬ್ಬರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ.

"ಅಜ್ಜಿ ನಿಂಗೆ ಹೇಳ್ತಿದ್ದದ್ದು ಅರ್ಧ ಕಣೆ ಮಗ," ಎಂದೆ. "ಉಳಿದದ್ದು ನಾನು ಹೇಳ್ತೀನಿ. ತಪ್ಪಿದ್ರೆ ನಿಮ್ಮತ್ತೆ ತಿದ್ದಲಿ."

ಶೋಭಾ ಆಟ ನಿಲ್ಲಿಸಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.