ಮೊದಲು ಕರೆಯುವ ಹುಂಜ

ಭಾನುವಾರ ಬೆಳಿಗ್ಗೆ ಸಿಂಧನೂರಿನ ನನ್ನ ಬಾಡಿಗೆ ಮನೆಯ ಹಿಂದೆ ಯಾರೋ ಜವಾರಿ ಕೋಳಿ ಸುಡುತ್ತಾರೆ. ಪುಕ್ಕ ಕಿತ್ತ ಮೇಲೂ ಉಳಿದ ಸಣ್ಣ ತುಪ್ಪಳ ಬೆಂಕಿಗೆ ಚಿಟಚಿಟ ಎಂದು ಸುಡುವ ವಾಸನೆ, ಅದರ ಹಿಂದೆಯೇ ಅರಿಸಿನದ ವಾಸನೆ. ಅದು ಕಿಟಕಿಯಿಂದ ಒಳಗೆ ಬಂದ ಕೂಡಲೇ ನಾನು ಒಂಬತ್ತು ವರ್ಷದವಳಾಗುತ್ತೇನೆ ಎಂದು ಬರೆಯುವುದು ಸುಲಭ. ನಿಜಕ್ಕೂ ಆಗುವುದು ಬೇರೆ. ಎದ್ದು ಕಿಟಕಿ ಮುಚ್ಚುತ್ತೇನೆ. ನೆನಪು ಆಮೇಲೆ ಬರುತ್ತದೆ, ಅದೂ ಅರ್ಧಂಬರ್ಧ. ಆ ದಿನ ಹಿತ್ತಲಲ್ಲಿ ಬೇವು ಹೂಬಿಟ್ಟಿತ್ತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ನಮ್ಮ ಹಿತ್ತಲಲ್ಲಿ ಬೇವೇ ಇರಲಿಲ್ಲ, ಇದ್ದದ್ದು ಹುಣಸೆ ಎಂದು ದೊಡ್ಡವ್ವನ ಮಗಳು ಲಕ್ಷ್ಮಿ ತಿದ್ದಿದಳು. ಹಾಗಾಗಿ ಮರವನ್ನು ಬಿಟ್ಟುಬಿಡುತ್ತೇನೆ. ಹುಂಜಗಳ ವಿಷಯದಲ್ಲಿ ಮಾತ್ರ ನನ್ನನ್ನು ನಂಬಬಹುದು, ಅದನ್ನು ಮರೆಯಲು ನಾನು ಬಹಳ ಕಷ್ಟಪಟ್ಟಿದ್ದೇನೆ.

ಮಸ್ಕಿಗೂ ಸಿಂಧನೂರಿಗೂ ನಡುವೆ ನಮ್ಮ ಊರು. ಒಟ್ಟು ಮನೆ, ಒಲೆ ಒಂದೇ, ಉಣ್ಣುವವರು ಹನ್ನೊಂದು ಜನ. ಹಿತ್ತಲು ಮಾತ್ರ ದೊಡ್ಡವ್ವನದು, ನನ್ನ ದೊಡ್ಡಪ್ಪನ ಹೆಂಡತಿಯದು. ಅಲ್ಲಿ ದೊಡ್ಡಪ್ಪನ ಮಾತೂ ನಡೆಯುತ್ತಿರಲಿಲ್ಲ. ಮದುವೆಯಾಗಿ ಬರುವಾಗ ತವರಿನಿಂದ ಬುಟ್ಟಿಯಲ್ಲಿ ತಂದ ಕೋಳಿಗಳ ತಳಿಯನ್ನು ಆಕೆ ಅಲ್ಲಿ ಉಳಿಸಿಕೊಂಡು ಬಂದಿದ್ದಳು. ಪ್ರತಿ ಸಲ ಮರಿಗಳು ಬೆಳೆದು ಹುಂಜಗಳು ಕೂಗಲು ಕಲಿತಾಗ ಒಂದನ್ನು ತಳಿಗೆ ಬಿಡಬೇಕು, ಉಳಿದವು ಸಾರಿಗೆ. ಯಾವುದನ್ನು ಬಿಡಬೇಕೆಂಬುದು ಆಕೆಯ ಕಣ್ಣಿಗೆ ಗೊತ್ತು ಎಂದು ಊರೆಲ್ಲ ನಂಬಿತ್ತು. ಸಾಲಗುಂದಿಯಿಂದಲೂ ಹೆಂಗಸರು ಸೆರಗಿನಡಿ ಹುಂಜ ಅವುಚಿಕೊಂಡು ಬಂದು, “ನೋಡಬೇ ಯಕ್ಕಾ, ಇದನ್ನ ಇಟಗೊಳ್ಳೋದೋ ಕೊಯ್ಯೋದೋ” ಎಂದು ಕೇಳುತ್ತಿದ್ದರು.

ಆಕೆಯ ಪರೀಕ್ಷೆ ಒಂದೇ. ಹಿಂದಿನ ಸಂಜೆಯಿಂದ ಹುಂಜಗಳನ್ನು ಒಂದೊಂದು ಬುಟ್ಟಿಯಡಿ ಉಪವಾಸ ಹಾಕುವುದು. ಬೆಳಿಗ್ಗೆ ಹೆಣ್ಣುಕೋಳಿಗಳನ್ನು ಹಿತ್ತಲಿಗೆ ಬಿಟ್ಟು, ಒಂದು ಮೂಲೆಯಲ್ಲಿ ಹಿಡಿ ಜೋಳ ಚೆಲ್ಲಿ, ಆ ಮೂಲೆಗೆ ಒಂದೊಂದೇ ಹುಂಜ ಬಿಡುವುದು. ಕಾಳು ಕಂಡಾಗ ಅದು ತಾನೇ ತಿನ್ನುತ್ತದೋ, ಇಲ್ಲ ಕೊಕ್ಕಿನಲ್ಲಿ ಕಾಳು ಎತ್ತಿ ಇಳಿಸಿ, ಕುಟುಕುಟು ಸದ್ದು ಮಾಡಿ ಹೆಣ್ಣುಕೋಳಿಗಳನ್ನು ಕರೆಯುತ್ತದೋ ನೋಡುವುದು. “ತೂಕ ನೋಡಿ ಇಟಗೊಂಡ್ರ ಸಾರಿಗೆ ಬರತೈತಿ, ಮರಿ ಕಾಯಾಕ ಬರಂಗಿಲ್ಲ” ಎನ್ನುತ್ತಿದ್ದಳು. ಕರೆಯುವ ಹುಂಜವೇ ಹದ್ದು ಬಂದಾಗ ಎಚ್ಚರಿಸಿ ಕೊನೆಗೆ ಓಡುವುದು ಎಂದು ಆಕೆಯ ಲೆಕ್ಕ.

ನನಗೆ ಒಂಬತ್ತಾಗಿದ್ದ ವರ್ಷ ರೋಗ ಬಂದು ಗೂಡು ಬರಿದಾಗಿತ್ತು. ಉಳಿದದ್ದು ಮೂರು ಹೆಣ್ಣು, ಎರಡು ಹುಂಜ. ಒಂದು ಕೆಂಪು, ಒಂದು ಬೂದಿ ಬಣ್ಣದ್ದು. ಮಧ್ಯಾಹ್ನಕ್ಕೆ ಬೀಗರು ಬರುವವರಿದ್ದರು, ಒಂದನ್ನು ಕೊಯ್ಯಲೇಬೇಕು. ತವರಿನ ತಳಿಯೆಲ್ಲ ಇನ್ನೊಂದರ ಮೇಲೆ ನಿಂತಿತ್ತು. ದೊಡ್ಡವ್ವ ಹಿಂದಿನ ದಿನದಿಂದ ಯಾರೊಡನೆಯೂ ನೆಟ್ಟಗೆ ಮಾತಾಡಿರಲಿಲ್ಲ.

ಕೆಂಪು ಹುಂಜ ನನ್ನದು. ಹಾಗೆಂದು ಯಾರೂ ಕೊಟ್ಟಿರಲಿಲ್ಲ, ನಾನೇ ಅಂದುಕೊಂಡಿದ್ದೆ. ಬೆಳಿಗ್ಗೆ ದೊಡ್ಡವ್ವ ನೀರು ತರಲು ಹೋದಾಗ ಅದರ ಬುಟ್ಟಿ ಎತ್ತಿ ಅರ್ಧ ರೊಟ್ಟಿ ಮುರಿದು ಹಾಕಿದೆ. ಕರುಣೆಯಿಂದ ಎಂದರೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಕರುಣೆ ಅಲ್ಲ. ಪಕ್ಕದ ಬುಟ್ಟಿಯಲ್ಲಿ ಬೂದಿ ಬಣ್ಣದ್ದೂ ಅಷ್ಟೇ ಹಸಿದು ಒದರುತ್ತಿತ್ತು. ಅದಕ್ಕೆ ಒಂದು ಚೂರೂ ಹಾಕಲಿಲ್ಲ. ನನ್ನದು ಗೆಲ್ಲಬೇಕಿತ್ತು. ಉಂಡ ಹುಂಜ ಎದೆಯುಬ್ಬಿಸಿ ನಿಲ್ಲುತ್ತದೆ, ದೊಡ್ಡವ್ವ ಮೆಚ್ಚುತ್ತಾಳೆ ಎಂದಷ್ಟೇ ನನ್ನ ತಲೆಯಲ್ಲಿತ್ತು.

ಮೊದಲು ಬೂದಿ ಬಣ್ಣದ್ದನ್ನು ಬಿಟ್ಟಳು. ಅದು ಓಡಿಬಂದು ಎರಡು ಕಾಳು ನುಂಗಿತು. ಆಮೇಲೆ ನಿಂತಿತು. ಕತ್ತು ಬಗ್ಗಿಸಿ ಕುಟುಕುಟು ಎಂದಿತು. ಹೆಣ್ಣುಗಳು ಬಂದವು, ಅದು ಸರಿದು ನಿಂತಿತು. ದೊಡ್ಡವ್ವನ ಮುಖದಲ್ಲಿ ಏನೂ ಕಾಣಲಿಲ್ಲ. ಅದನ್ನು ಹಿಡಿದು ಬುಟ್ಟಿಗೆ ಹಾಕಿ, ಹೊಸದಾಗಿ ಜೋಳ ಚೆಲ್ಲಿ ಕೆಂಪನ್ನು ಬಿಟ್ಟಳು. ಹೊಟ್ಟೆ ತುಂಬಿದ್ದ ಅದು ರಾಜನ ಹಾಗೆ ನಡೆದು ಬಂತು. ಒಂದು ಕಾಳೂ ನುಂಗಲಿಲ್ಲ. ಎತ್ತಿತು, ಇಳಿಸಿತು, ಕರೆಯಿತು.

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ, “ಏನಬೇ, ಹುಂಜಕ್ಕ ಸರಕಾರಿ ನೌಕರಿ ಕೊಡಾಕತ್ತೀಯೇನು? ಬೀಗರ ಬಸ್ಸು ಮಸ್ಕಿ ಬಿಟ್ಟಿರತೈತಿ” ಎಂದ.

“ನೀವೇ ಕುಂತ ಕಾವು ಕೊಡ್ರಿ ಹಂಗಾರ” ಎಂದಳು ದೊಡ್ಡವ್ವ, ಕಣ್ಣು ತೆಗೆಯದೆ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಒಮ್ಮೆ ಬೂದಿಯ ಬುಟ್ಟಿಯ ಮೇಲೆ ಕೈಯಿಟ್ಟಳು, ತೆಗೆದಳು. ಹೇಳಿಬಿಡಲು ನನಗೆ ಅಷ್ಟೂ ಸಮಯವಿತ್ತು. ನಾಲಿಗೆ ಒಣಗಿತ್ತು ಎಂದು ಬರೆಯಬಹುದು, ಅದೂ ಸುಳ್ಳು. ಬಾಯಿ ಮುಚ್ಚಿ ಗೆಲ್ಲುತ್ತಿದ್ದೆ.

“ಕೊಯ್ಯಾಕ ಬೂದಿದು ಒಯ್ರಿ” ಎಂದಳು.

ಮಳೆಗಾಲದಲ್ಲಿ ಹೊಸ ಮರಿಗಳು ಒಡೆದವು. ಹದ್ದಿನ ನೆರಳು ಬಿದ್ದ ಮೊದಲ ದಿನ ಕೆಂಪು ಹುಂಜ ಎಲ್ಲಕ್ಕಿಂತ ಮುಂಚೆ ಬಂಡಿಯಡಿ ಹೊಕ್ಕಿತು. ಕಾಳು ಚೆಲ್ಲಿದರೆ ಹೆಣ್ಣುಗಳನ್ನು ಕುಕ್ಕಿ ಓಡಿಸಿ ತಾನೇ ತಿನ್ನುತ್ತಿತ್ತು. ಅದರ ಗಂಡುಮರಿಗಳೂ ಹಾಗೇ. ಎರಡು ವರ್ಷದಲ್ಲಿ ಗೂಡಿನಲ್ಲಿ ಎಣಿಸಲು ಏನೂ ಉಳಿಯಲಿಲ್ಲ. ದೊಡ್ಡವ್ವ ಯಾರನ್ನೂ ಬಯ್ಯಲಿಲ್ಲ. ಹುಂಜ ಅವುಚಿಕೊಂಡು ಬಂದವರಿಗೆ, “ನನ್ನ ಕಣ್ಣು ಹೋಗ್ಯಾವ ತಾಯೀ, ಬ್ಯಾರೇದವ್ರನ್ನ ಕೇಳ್ರಿ” ಎನ್ನತೊಡಗಿದಳು. ಆಮೇಲೆ ಯಾರೂ ಬರಲಿಲ್ಲ. ಮನೆ ಪಾಲಾಯಿತು, ಒಲೆ ಮೂರಾದವು, ಹಿತ್ತಲು ಮಾರಿಹೋಯಿತು. ಈಗ ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇದೆ. ನಿಮ್ಮ ಹಿತ್ತಲೂ ಹೀಗೇ ಎಲ್ಲೋ ಹೋಗಿರಬಹುದು. ಯಾರು ಕಳೆದರು ಎಂದು ನಿಮಗೆ ತಿಳಿಯದಿದ್ದರೆ ಅದು ನಿಮ್ಮ ಅದೃಷ್ಟ.

ದೊಡ್ಡವ್ವ ಕೊನೆಗೆ ಲಿಂಗಸುಗೂರಿನಲ್ಲಿ ಲಕ್ಷ್ಮಿಯ ಮನೆಯಲ್ಲಿದ್ದಳು, ಎರಡನೇ ಮಹಡಿಯಲ್ಲಿ. ಹೋದ ವರ್ಷ ನೋಡಲು ಹೋದವಳು, ಆ ಬೆಳಿಗ್ಗೆ ಕೆಂಪು ಹುಂಜಕ್ಕೆ ತಿನ್ನಿಸಿದ್ದನ್ನು ಹೇಳಿಬಿಟ್ಟೆ. ಆಕೆ ನಗುತ್ತಾಳೆ, ತಲೆ ಸವರುತ್ತಾಳೆ ಎಂದು ಬಸ್ಸಿನಲ್ಲೇ ಆ ದೃಶ್ಯ ಕಟ್ಟಿಕೊಂಡಿದ್ದೆ.

“ಎಷ್ಟು ತಿನಿಸಿದ್ದಿ?” ಎಂದಳು.

“ಅರ್ಧ ರೊಟ್ಟಿ.”

ಮಲಗಿದ್ದಲ್ಲಿಂದಲೇ ನನ್ನ ಕಡೆ ತಿರುಗಿದಳು. “ಹೊಟ್ಟಿ ತುಂಬಿದ್ದು ಕರದ್ರ ಅದೇನ್ ದೊಡ್ಡಸ್ತಿಕಿ ಬೇ? ಆ ಬೂದಿದು ಹಸದಿತ್ತು. ಎರಡ ಕಾಳ ತಿಂದು ಕರೀತು. ಹಸದು ಕರೀತು. ಇಷ್ಟು ವರ್ಷ ನನ್ನ ಕಣ್ಣಿಗೆ ನಾನೇ ಬೈಕೊಂಡೀನಿ. ನೀ ಎದುರಿಗೇ ಕುಂತು ಉಂಡೀದಿ.” ಲಕ್ಷ್ಮಿ ಚಹಾ ತಂದಳು. “ಕುಡದು ಹೋಗು, ಬಸ್ಸಿಗೆ ಹೊತ್ತಾತು” ಎಂದು ದೊಡ್ಡವ್ವ ಗೋಡೆಯ ಕಡೆ ಹೊರಳಿದಳು. ಅದೇ ನನ್ನೊಡನೆ ಆಡಿದ ಕೊನೆಯ ಮಾತು.

ಆಮೇಲೆ ನಾಲ್ಕು ತಿಂಗಳು ಬದುಕಿದ್ದಳು. ಆ ನಾಲ್ಕು ತಿಂಗಳೂ ದೊಡ್ಡವ್ವ ಎದ್ದು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು ಎಂದು ಲಕ್ಷ್ಮಿ ಹೇಳಿದಳು. ಮನೆಗೆ ಬಂದವರನ್ನೆಲ್ಲ, ನೆಂಟರನ್ನು, ಪಕ್ಕದ ಮನೆಯವರನ್ನು, ಸೂಜಿ ಚುಚ್ಚಲು ಬಂದವಳನ್ನೂ ನೆಟ್ಟ ನೋಟದಿಂದ ನೋಡಿ, ಅವರು ಹೋದ ಮೇಲೆ ತೀರ್ಪು ಕೊಡುತ್ತಿದ್ದಳಂತೆ: “ಇಂವಾ ಕರದು ಕೊಡಾಂವ. ಇಕಿ ತಾನೇ ತಿನ್ನಾಕಿ.” ಒಂದೂ ತಪ್ಪುತ್ತಿರಲಿಲ್ಲವಂತೆ. ಲಕ್ಷ್ಮಿ ನಗುತ್ತ ಹೇಳುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನನ್ನ ಬಗ್ಗೆ ಏನೆಂದಿದ್ದಳು ಎಂದು ನಾನು ಕೇಳಲಿಲ್ಲ. ಲಕ್ಷ್ಮಿಯೂ ಹೇಳಲಿಲ್ಲ.