ಕೋವಿಯ ಪಕ್ಕದ ಪುಸ್ತಕ

ಅಣ್ಣನ ಗದ್ದದ ಕೆಳಗೆ ಬೆರಳಗಲದ ಜಾಗದಲ್ಲಿ ಗಡ್ಡ ಬೆಳೆಯುತ್ತಿರಲಿಲ್ಲ. ವಿಮಾನ ಹಾರಿಸುವಾಗ ಕಟ್ಟುತ್ತಿದ್ದ ಚರ್ಮದ ಟೋಪಿಯ ಪಟ್ಟಿ ಉಜ್ಜಿ ಉಜ್ಜಿ ಹಾಗಾಯಿತಂತೆ. ಮನೆಗೆ ಬಂದವರೆಲ್ಲ ಅದನ್ನು ಬಗ್ಗಿ ನೋಡುತ್ತಿದ್ದರು. ನನ್ನ ಗಡ್ಡ ಎಲ್ಲ ಕಡೆ ಚೆನ್ನಾಗಿಯೇ ಬೆಳೆದಿತ್ತು. ಯಾರೂ ನೋಡಲಿಲ್ಲ.

ಅವನು ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಯುದ್ಧಕಾಲದಲ್ಲಿ ಪೈಲಟ್ ಆಯ್ಕೆಗೆ ಇಬ್ಬರೂ ಒಟ್ಟಿಗೇ ಹೋಗಿದ್ದೆವು. ಕಣ್ಣು ಸರಿಯಿಲ್ಲವೆಂದು ನನ್ನನ್ನು ವಾಪಸು ಕಳಿಸಿದರು. ಅವನು ಆಕಾಶಕ್ಕೆ ಹೋದ, ನಾನು ಮೂರ್ನಾಡಿನ ಹತ್ತಿರದ ನಮ್ಮ ಗದ್ದೆಗೆ ಬಂದೆ. ಹೊಟ್ಟೆಕಿಚ್ಚು ಅಂದಿನಿಂದ ಶುರು. ಮುಚ್ಚಿಟ್ಟು ಏನು ಪ್ರಯೋಜನ?

ಕೊಡಗಿಗೆ ತನ್ನದೇ ಸರಕಾರ, ತನ್ನದೇ ಮಂತ್ರಿಗಳು ಇದ್ದ ಕಾಲದಲ್ಲಿ ಅಣ್ಣ ವಾಯುಪಡೆ ಬಿಟ್ಟು ಮನೆಗೆ ಬಂದ. ಏನು ಮಾಡುವುದಿದ್ದರೂ ಮೊದಲು, "ಗಾಳಿ ಯಾವ ಕಡೆ?" ಎಂದು ಕೇಳುವುದು ಅವನ ರೂಢಿ. ಭತ್ತ ತೂರುವ ಮುನ್ನ ಬೆರಳು ಒದ್ದೆ ಮಾಡಿ ಎತ್ತಿ ಹಿಡಿಯುತ್ತಿದ್ದ. ಹುಟ್ಟಿದಾಗಿನಿಂದ ಭತ್ತ ತೂರಿದ ಹೆಂಗಸರೂ ಕೈ ನಿಲ್ಲಿಸಿ ಅವನ ಬೆರಳನ್ನೇ ನೋಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನಾಟಿ ಶುರುವಾದರೆ ನಮ್ಮಲ್ಲಿ ಕೋವಿ, ಕತ್ತಿಗಳನ್ನು ದೇವರ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತೇವೆ. ನಾಟಿ ಮುಗಿದು ಆಯುಧ ಪೂಜಿಸುವ ಕೈಲ್ ಮುಹೂರ್ತದ ಹಬ್ಬದವರೆಗೆ ಯಾರೂ ಮುಟ್ಟುವಂತಿಲ್ಲ. ಆ ವರ್ಷ ಅಜ್ಜ ಕೋವಿಗಳ ಜೊತೆಗೆ ಅಣ್ಣನ ಪೆಟ್ಟಿಗೆಯ ಮೇಲಿದ್ದ ನೀಲಿ ರಟ್ಟಿನ ಪುಸ್ತಕವನ್ನೂ ಎತ್ತಿಕೊಂಡರು. ಹಾರಿದ ಒಂದೊಂದು ಗಂಟೆಯನ್ನೂ ಬರೆದಿಟ್ಟ ಲಾಗ್‌ಬುಕ್ ಅದು. ಅಲ್ಲಿದ್ದವನು ನಾನೊಬ್ಬನೇ.

"ಇದ್ ನನ್ನ ಮೊಮ್ಮಗನ ಆಯುಧ. ಕೋವಿ ಒಟ್ಟಿಗೇ ಇರ್ಲಿ" ಎಂದರು.

ನನ್ನ ನೇಗಿಲಿಗೆ ಅವರು ಎಂದೂ ಅಂಥ ಮರ್ಯಾದೆ ಕೊಟ್ಟಿರಲಿಲ್ಲ.

ಹದಿನೈದು ದಿನಕ್ಕೆ ಅಣ್ಣನಿಗೆ ಬೆಂಗಳೂರಿನ ವಿಮಾನ ಕಂಪನಿಯೊಂದರಿಂದ ಸಂದರ್ಶನದ ಕಾಗದ ಬಂತು. ಲಾಗ್‌ಬುಕ್ ತರಲೇಬೇಕು. ಮನೆಯೆಲ್ಲ ತಲೆಕೆಳಗಾಯಿತು. ಅಜ್ಜನಿಗೆ ಕಿವಿ ಮಂದ, ಓದು ಬಾರದು. ಅವರನ್ನು ಪುಸ್ತಕದ ವಿಷಯ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ನೀ ಎಲ್ಲಾದ್ರೂ ನೋಡಿದ್ಯಾ?" ಅಣ್ಣ ಕೇಳಿದ.

"ನಂಗೆ ಗೊತ್ತಿಲ್ಲೆ" ಎಂದೆ.

ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಅವನ ಜೊತೆ ಅಟ್ಟ ಹತ್ತಿ ಹುಡುಕಿದೆ. ನನ್ನ ಇಂಗ್ಲಿಷ್ ಅಕ್ಷರ ದುಂಡಗಿದೆಯೆಂದು ಅವನು ಕೂರಿಸಿದಾಗ, ಲಾಗ್‌ಬುಕ್ ಕಳೆದುಹೋಗಿದೆ, ತರಬೇತಿಯ ದಾಖಲೆಗಳ ನಕಲು ದಯಪಾಲಿಸಿ ಎಂದು ಅವನು ಹಾರಾಟ ಕಲಿತ ಶಾಲೆಗೆ ಮೂರು ಕಾಗದ ಬರೆದೆ. ಹಳೆಯ ಕಡತಗಳು ಸಿಗುತ್ತಿಲ್ಲವೆಂದು ಉತ್ತರ ಬಂದಾಗ ಅಯ್ಯೋ ಎಂದೆ. ಒಳಗೆ ಹಿತವಾಗಿತ್ತು.

ಅಣ್ಣ ಬರಿಗೈಯಲ್ಲಿ ಹೋದ, ಬರಿಗೈಯಲ್ಲಿ ಬಂದ. ಹಬ್ಬದ ದಿನ ಅಜ್ಜ ಬಾಗಿಲು ತೆರೆದರು. ಕೋವಿಗಳ ಬಾಯಿಗೆ ತೋಕ್ ಪೂ ಎಂಬ ಕಾಡುಹೂ ಸಿಕ್ಕಿಸಿದರು, ಪುಸ್ತಕದ ರಟ್ಟಿಗೆ ಗಂಧ ಹಚ್ಚಿ ಅಣ್ಣನ ಕೈಗಿಟ್ಟರು. ಅವನು ಪುಸ್ತಕವನ್ನೇ ನೋಡುತ್ತಾ ನಿಂತ. ಆಮೇಲೆ ಅಜ್ಜನ ಕಾಲು ಮುಟ್ಟಿದ. ಬೆಂಗಳೂರಿಗೆ ತಂತಿ ಕೊಟ್ಟದ್ದಕ್ಕೆ, ಜಾಗ ತುಂಬಿದೆ ಎಂದು ಉತ್ತರ ಬಂತು.

ಅವನು ಮತ್ತೆ ಹಾರಲಿಲ್ಲ. ಬಾಳಿನುದ್ದಕ್ಕೂ ನನ್ನ ಪಕ್ಕದಲ್ಲೇ ಗದ್ದೆ ಮಾಡಿದ. ಅಲ್ಲೂ ಅವನ ಉಳುಮೆಯೇ ನೆಟ್ಟಗೆ, ಅವನ ಎತ್ತುಗಳೇ ಮಾತು ಕೇಳುವಂಥವು. ನನ್ನ ಮಕ್ಕಳಿಗೆ ಈಜು ಕಲಿಸಿದವನೂ ಅವನೇ. ಅವರೂ ಮೊದಲು ಅವನ ಮಾತೇ ಕೇಳುತ್ತಿದ್ದರು.

ಅವನು ಕೊನೆಯ ಬಾರಿ ಹಾಸಿಗೆ ಹಿಡಿದಾಗ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಅಜ್ಜ ಪುಸ್ತಕ ಒಳಗಿಟ್ಟದ್ದ್ ನಾ ನೋಡಿದ್ದೆ" ಎಂದೆ.

"ಗೊತ್ತಿತ್ತ್" ಎಂದ. "ಇಡೀ ಮನೆ ಹುಡ್ಕಿದವ ನೀ, ದೇವರ ಕೋಣೆ ಎದ್ರು ಬಂದಾಗ ಮುಖ ತಿರ್ಗಿಸ್ದೆ."

"ಮತ್ತೆ ಅಜ್ಜನ್ನ ಯಾಕೆ ಕೇಳಿಲ್ಲೆ?"

"ನೀನೇ ಹೇಳ್ವೆ ಅಂತ ಕಾದೆ" ಎಂದ. "ಬೆಂಗಳೂರು ಬಸ್ ಬಿಡುವ ತನಕ."

ಮರುವಾರ ತೀರಿಕೊಂಡ. ಅವನ ಜಾಗದಲ್ಲಿ ನಾನಿದ್ದಿದ್ದರೆ ಕಾಯುತ್ತಿರಲಿಲ್ಲ. ಬಾಗಿಲು ಒಡೆಯುತ್ತಿದ್ದೆ, ತಮ್ಮನ ಕೆನ್ನೆಗೂ ಬಾರಿಸುತ್ತಿದ್ದೆ. ಅವನು ಕಾದ. ಅದಕ್ಕೂ ನನಗೆ ಇವತ್ತಿಗೂ ಹೊಟ್ಟೆಕಿಚ್ಚೇ.